ದೊಡ್ಡಮ್ಮನ ಬಾಯಿಗೆ ಬೋಲ್ಟು

ಹಲ್ಲಕ್ಕನಿಗೆ ಸಿಟ್ಟು ಬಂದರೆ ಕೈ ನಡುಗುವುದಿಲ್ಲ; ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಅದು ಅವಳ ಕಸುಬು ಕಲಿಸಿದ ಗುಣ. ಐವತ್ತೆಂಟು ವರ್ಷದ ಈ ಹೆಂಗಸು ಮೂವತ್ತೈದು ವರ್ಷದಿಂದ ಕಟ್ಟಿಸುವ ಹಲ್ಲುಗಳನ್ನು ಮಾಡಿಕೊಂಡು ಬಂದವಳು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಮನೆಯ ಮುಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ದವಡೆಯ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಪೆಟ್ಟಿಗೆಯಲ್ಲಿಟ್ಟುಕೊಂಡು ತಾನೇ ಹೋಗಿ ಒಪ್ಪಿಸಿ ಬರುತ್ತಾಳೆ. ಕೂದಲೆಳೆಯಷ್ಟು ಏರುಪೇರಾದರೂ ಹಾಕಿಕೊಂಡವರ ಒಸಡು ಹುಣ್ಣಾಗುತ್ತದೆ. ಊರಿನ ಅರ್ಧದಷ್ಟು ಮುದುಕರ ನಗು ಅವಳ ಕೈಯಿಂದ ಬಂದದ್ದು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಅವಳು ಹಲ್ಲಕ್ಕನೇ ಆಗಿದ್ದಳು.

ಮೂರು ವರ್ಷದವಳಿದ್ದಾಗ ಬಂದ ಜ್ವರ ಅವಳ ಎಡಗಾಲಿನ ಶಕ್ತಿಯನ್ನು ಹೀರಿಕೊಂಡು ಹೋಗಿತ್ತು. ತೊಡೆಯಿಂದ ಬೂಟಿನವರೆಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡೇ ನಡೆಯಬೇಕು. ಆ ಕಾಲಿಗೆ ಕ್ಲಚ್ ತುಳಿಯಲು ಬರುವುದಿಲ್ಲ. ಅಪ್ಪ ಬಸ್ಸಿನ ಡ್ರೈವರ್. "ನನ್ನ ಮಗಳು ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂತು ಮುದುಕಿಯಾಗಬಾರದು" ಎಂದು ಹಟ ಹಿಡಿದು, ಅವಳಿಗೆ ಇಪ್ಪತ್ತು ತುಂಬಿದ ವರ್ಷ, ಕ್ಲಚ್ಚೇ ಇಲ್ಲದ, ಗೇರು ತಾನಾಗಿ ಬದಲಾಗುವ ಒಂದು ಕಾರನ್ನು ಎಲ್ಲಿಂದಲೋ ಹುಡುಕಿ ತಂದ. ತಿಳಿಹಸಿರು ಬಣ್ಣ, ಉದ್ದ ಮೂಗು, ಅಗಲವಾದ ಹಿಂಭಾಗ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಅಯ್ಯೋ, ಥೇಟ್ ನಮ್ಮ ದೊಡ್ಡಮ್ಮ ಕಣ್ರೀ, ಗೇಟಲ್ಲಿ ಹಿಡಿಸ್ತಾಳೋ ಇಲ್ವೋ" ಅಂದಳು. ಅಂದಿನಿಂದ ಕಾರಿಗೆ ದೊಡ್ಡಮ್ಮ ಎಂಬ ಹೆಸರೇ ನಿಂತಿತು. ಅಪ್ಪ ಹೋದ, ಅಮ್ಮ ಹೋದಳು, ದೊಡ್ಡಮ್ಮ ಉಳಿದಳು. ಈಗ ಅಂಥ ಕಾರನ್ನು ಕಂಡರೆ ಜನ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ.

ಮೂವತ್ತು ವರ್ಷ ದೊಡ್ಡಮ್ಮನ ಆರೋಗ್ಯ ನೋಡಿಕೊಂಡವನು ಒಬ್ಬ ಮೇಸ್ತ್ರಿ. ಕಿವಿ ಪೂರ್ತಿ ಮಂದವಾದ ಮೇಲೆ, "ಎಂಜಿನ್ ಸದ್ದು ಕೇಳದವನು ಎಂಜಿನ್ ಮುಟ್ಟಬಾರದು" ಎಂದು ತಾನೇ ಅಂಗಡಿ ಮುಚ್ಚಿ, ದೂರದ ಊರಿನ ಮಗಳ ಮನೆಗೆ ಹೋಗಿಬಿಟ್ಟಿದ್ದ. ಹಾಗಾಗಿ ಈ ಸಲದ ಸರ್ವಿಸಿಗೆ ಎಲ್ಲಿ ಕೊಡುವುದು ಎಂಬ ಪ್ರಶ್ನೆ ಎದ್ದಾಗ ಹಲ್ಲಕ್ಕನ ತಮ್ಮ, "ನನಗೊಂದು ಒಳ್ಳೇ ಗ್ಯಾರೇಜ್ ಗೊತ್ತು ಅಕ್ಕ, ನಾನೇ ಬಿಟ್ಟು ಬರ್ತೀನಿ" ಅಂದ.

ತಮ್ಮ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಲಿಫ್ಟುಗಳ ಸುರಕ್ಷತೆಯನ್ನು ತಪಾಸಣೆ ಮಾಡುವ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಮಾಡಿ ಮಾಡಿ, ಮೇಲೆ ಹೋಗುವ ಯಾವುದನ್ನು ಕಂಡರೂ ಅದು ಕೆಳಗೆ ಬೀಳುವುದೇ ಅವನ ಕಣ್ಣಿಗೆ ಕಟ್ಟುತ್ತಿತ್ತು. ಹಿಂದಿನ ವರ್ಷ ಅವನ ಕಚೇರಿಯಿಂದ ನಿವೃತ್ತರಾದವರೊಬ್ಬರು ಕಾರು ಓಡಿಸುತ್ತಾ ಗೋಡೆಗೆ ಗುದ್ದಿ ತೀರಿಕೊಂಡ ಮೇಲೆ ಅವನದು ಒಂದೇ ಪಲ್ಲವಿ. "ಅಕ್ಕ, ಸಾಕು ಕಾರು. ಎಲ್ಲಿಗೆ ಹೋಗ್ಬೇಕಾದ್ರೂ ನನಗೆ ಹೇಳು, ನಾನು ಕರ್ಕೊಂಡು ಹೋಗ್ತೀನಿ." ಅಕ್ಕನದೂ ಒಂದೇ ಉತ್ತರ. "ನಿನ್ನ ಬಿಡುವು ಕಾಯ್ತಾ ಕೂರೋಕೆ ನಾನೇನು ಮೊಟ್ಟೆ ಇಟ್ಟಿದೀನೇನೋ?"

ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಎಂಜಿನ್ ಟ್ಯೂನ್ ಮಾಡಿ ಕೊಡುವುದು ಎಂದು ಮಾತಾಗಿತ್ತು. ನಾಲ್ಕು ದಿನಕ್ಕೆ ಕಾರು ಬಂತು. ಮೈ ತೊಳೆದು, ಸೀಟಿಗೆ ಸುಗಂಧ ಹೊಡೆದು, ಮದುವೆಗೆ ಹೊರಟವಳ ಹಾಗೆ ಬಂದ ದೊಡ್ಡಮ್ಮನ ಹೊಟ್ಟೆಯೊಳಗೆ ಮಾತ್ರ ಏನೋ ಕೆಟ್ಟಿತ್ತು. ನಿಂತಲ್ಲೇ ಎಂಜಿನ್ ಗಡಗಡ ನಡುಗುತ್ತಿತ್ತು, ಹಾವು ಬುಸುಗುಟ್ಟುವ ಹಾಗೆ ಸದ್ದು ಬರುತ್ತಿತ್ತು. ರಿವರ್ಸಿಗೆ ಹಾಕಿದರೆ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಯೋಚನೆ ಮಾಡಿ ಆಮೇಲೆ ಹಿಂದಕ್ಕೆ ಸರಿಯುತ್ತಿತ್ತು. ರಸ್ತೆಗಿಳಿದರೆ ಇನ್ನೂ ಕೆಟ್ಟದ್ದು. ಮೊದಲನೇ ಗೇರಿನಲ್ಲೇ ಎಂಜಿನ್ ಗಂಟಲು ಹರಿದುಕೊಂಡು ಕಿರುಚುವುದು, ಇನ್ನು ಬದಲಾಗುವುದೇ ಇಲ್ಲ ಅನ್ನುವಾಗ ಹಿಂದಿನಿಂದ ಎಮ್ಮೆ ಗುಮ್ಮಿದ ಹಾಗೆ ಧಡಕ್ಕನೆ ಎರಡನೆಯದಕ್ಕೆ ಬೀಳುವುದು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರು ಬದಲಾಗುತ್ತಿದ್ದ ಕಾರು ಅದು.

ಮರುದಿನವೇ ಅವಳು ಗ್ಯಾರೇಜಿಗೆ ಹೋದಳು. ಗಾಜಿನ ಕೋಣೆ, ಮೆತ್ತನೆಯ ಕುರ್ಚಿಗಳು, ಗಿಡದ ಕುಂಡ. ಫೋರ್‌ಮನ್ ನುಣ್ಣಗೆ ಕ್ಷೌರ ಮಾಡಿಕೊಂಡಿದ್ದ ನಡುವಯಸ್ಸಿನವನು. ಉಗುರಿನಲ್ಲಿ ಚೂರೂ ಎಣ್ಣೆಜಿಡ್ಡಿರಲಿಲ್ಲ. "ಬಿಟ್ಟು ಹೋಗಿ ಮೇಡಂ, ನೋಡ್ತೀವಿ" ಅಂದ. ಒಂದು ದಿನ ಇಟ್ಟುಕೊಂಡು ಕರೆಸಿದ. ಬುಸುಗುಡುವುದು ನಿಂತಿತ್ತು, ನಡುಕವೂ ಇರಲಿಲ್ಲ. ಆದರೆ ಗ್ಯಾರೇಜಿನ ಸುತ್ತ ಒಂದು ಸುತ್ತು ಹೊಡೆದು ನೋಡಿದರೆ ಎಮ್ಮೆ ಗುಮ್ಮುವುದು ಗುಮ್ಮುತ್ತಲೇ ಇತ್ತು.

"ಗೇರು ಹಾಗೇ ಇದೆಯಲ್ಲ?" ಎಂದು ಹಲ್ಲಕ್ಕ ಕೇಳಿದಳು.

ಅವನು ಬಾನೆಟ್ಟು ಎತ್ತಿ, ಎಂಜಿನ್ ನಿಂತಿರುವಾಗಲೇ ಗೇರ್‌ಬಾಕ್ಸಿನ ಆಯಿಲು ಅಳೆಯುವ ಕಡ್ಡಿ ಎಳೆದು ತೋರಿಸಿದ. "ನೋಡಿ, ಆಯಿಲ್ ಫುಲ್ ಇದೆ. ನಮ್ಮ ಕಡೆಯಿಂದ ಏನೂ ತಪ್ಪಿಲ್ಲ. ಗೇರ್‌ಬಾಕ್ಸ್ ಒಳಗಿನ ಪ್ಲೇಟುಗಳೇ ಸವೆದು ಹೋಗಿವೆ ಮೇಡಂ. ಹಳೇ ಆಯಿಲಲ್ಲಿ ಹೇಗೋ ಮುಚ್ಕೊಂಡಿತ್ತು, ಹೊಸದು ಹಾಕಿದ ಮೇಲೆ ಬಯಲಾಯ್ತು. ಇದಕ್ಕೆ ಸಾಮಾನೂ ಸಿಗೋಲ್ಲ. ವಯಸ್ಸಾಯ್ತಲ್ಲ, ಇನ್ನು ಬಿಟ್ಬಿಡೋದು ಒಳ್ಳೇದು."

ವಯಸ್ಸಾಯ್ತಲ್ಲ ಅನ್ನುವಾಗ ಅವನ ಕಣ್ಣು ಅವಳ ಕಾಲಿನ ಉಕ್ಕಿನ ಪಟ್ಟಿಯ ಮೇಲೆ ಒಂದು ಕ್ಷಣ ಇಳಿದು ಬಂತು.

"ಯಾರಿಗೆ ಹೇಳ್ತಿದೀರಿ? ಕಾರಿಗೋ, ನನಗೋ?"

"ಛೆ, ಕಾರಿಗೆ ಮೇಡಂ" ಎಂದು ಅವನು ಹಲ್ಲು ಕಿಸಿದ. ಕೆಳಗಿನ ಸಾಲಿನಲ್ಲಿ ಎಡದ ದವಡೆಹಲ್ಲು ಹುಳುಕಾಗಿತ್ತು. ಹಲ್ಲಕ್ಕ ಅದನ್ನು ಗಮನಿಸಿದಳು, ಹೇಳಲಿಲ್ಲ. ಅವನಿಗೆ ಉಪಕಾರ ಮಾಡುವ ಮನಸ್ಸು ಅವತ್ತು ಇರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ತಮ್ಮನ ಫೋನು. "ಗೇರ್‌ಬಾಕ್ಸ್ ಹೋಯ್ತಂತಲ್ಲ ಅಕ್ಕ. ಹೋಗ್ಲಿ ಬಿಡು. ಎಷ್ಟು ವರ್ಷ ಅಂತ ಓಡ್ತದೆ."

"ನಿನಗೆ ಯಾರು ಹೇಳಿದ್ರು?"

"ಅವರೇ ಫೋನ್ ಮಾಡಿದ್ರು. ನಾನು ಬಿಟ್ಟು ಬಂದಿದ್ನಲ್ಲ, ನನ್ನ ನಂಬರೇ ಇತ್ತು."

ಆ ಮಾತು ಅವಳ ತಲೆಯಲ್ಲಿ ಆಗ ಕೂರಲಿಲ್ಲ. ಬೆಂದ ಗಾಯದ ಮೇಲೆ ಬರೆ ಎಳೆದ ಹಾಗೆ "ಹೋಗ್ಲಿ ಬಿಡು" ಎಂಬುದೇ ಉರಿಯುತ್ತಿತ್ತು. ಹೋಗಲಿ ಬಿಡು ಅನ್ನುವವನಿಗೆ ಎರಡು ಕಾಲಿದ್ದವು.

ಹೀಗೇ ವಾರ ಕಳೆಯಿತು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಬಾಯಿ ಖಾಲಿ ಇಟ್ಟುಕೊಂಡು ಕಾಯುವವರಿಗೆ ನಾಳೆ ಬನ್ನಿ ಅನ್ನಲು ಬರುವುದಿಲ್ಲ. ಒಂದು ಬೆಳಿಗ್ಗೆ ಗುಡ್ಡದ ಮೇಲಿನ ಆಸ್ಪತ್ರೆಗೆ ಒಂದು ಪೂರ್ತಿ ಸೆಟ್ಟು ಒಯ್ಯಬೇಕಿತ್ತು. ಅಪಘಾತದಲ್ಲಿ ದವಡೆ ಮುರಿದುಕೊಂಡ ಒಬ್ಬ ಹಾಡುಗಾರ್ತಿಗೆ ಮಾಡಿದ್ದು. ನಾಲಿಗೆ ತಾಗುವ ಜಾಗವನ್ನು ಮೂರು ಸಲ ಕೆರೆದು ತಿದ್ದಿದ್ದಳು. ಆಸ್ಪತ್ರೆಯ ಏರು ಮನೆಯ ಮಾಡಿನ ಹಾಗೆ ಕಡಿದು. ಅರ್ಧ ಏರಿದ್ದಳು. ಎಂಜಿನ್ ಕಿರುಚಿತು. ಗೇರು ಬದಲಾಗುವ ಬದಲು ಕೈ ಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಬರೀ ಸದ್ದು, ಎಳೆತವೇ ಇಲ್ಲ. ದೊಡ್ಡಮ್ಮ ಹಿಂದಕ್ಕೆ ಜಾರತೊಡಗಿದಳು.

ಹಿಂದೆ ಶಾಲೆಯ ವ್ಯಾನು.

ಬ್ರೇಕಿನ ಮೇಲೆ ಬಲಗಾಲು, ಹ್ಯಾಂಡ್‌ಬ್ರೇಕಿನ ಮೇಲೆ ಎರಡೂ ಕೈ. ಕಾರು ನಿಂತಾಗ ವ್ಯಾನಿನ ಮೂಗಿಗೂ ದೊಡ್ಡಮ್ಮನ ಬೆನ್ನಿಗೂ ನಡುವೆ ಒಂದು ಗೇಣು ಉಳಿದಿತ್ತು. ವ್ಯಾನಿನ ಡ್ರೈವರ್ ಇಳಿದು ಬಂದು, "ಓಡ್ಸೋಕೆ ಬರ್ದಿದ್ರೆ ಮನೇಲಿ ಕೂತ್ಕೋಬಾರ್ದೇನಮ್ಮ!" ಎಂದು ಕೂಗಾಡಿದ. ಒಳಗಿನಿಂದ ಹತ್ತು ಹನ್ನೆರಡು ಮಕ್ಕಳ ಮುಖಗಳು ಗಾಜಿಗೆ ಅಂಟಿದ್ದವು. ಎಂದೂ ಯಾರಿಗೂ ಬಾಗದ ಹಲ್ಲಕ್ಕ ಅವತ್ತು "ತಪ್ಪಾಯ್ತಪ್ಪ" ಅಂದಳು. ಇಂಚಿಂಚಾಗಿ ಹಿಂದಕ್ಕೆ ಬಿಟ್ಟುಕೊಂಡು ಬುಡಕ್ಕೆ ಬಂದು ನೋಡಿದರೆ ಹಲ್ಲಿನ ಪೆಟ್ಟಿಗೆ ಸೀಟಿನಿಂದ ಕೆಳಗೆ ಬಿದ್ದು, ಮೇಲಿನ ಸಾಲು ನಟ್ಟನಡುವೆ ಬಿರುಕು ಬಿಟ್ಟಿತ್ತು.

ಸಂಜೆಯವರೆಗೆ ಅವಳು ಒಡೆದ ಸಾಲನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಾ ಕೂತಳು. ಅವಳ ಲೆಕ್ಕ ಬೇರೆ ಥರದ್ದು: ಒಬ್ಬರ ಬಾಯಲ್ಲಿ ಸೆಟ್ಟು ಕೂರದಿದ್ದರೆ "ನಿಮ್ಮ ದವಡೆಗೆ ವಯಸ್ಸಾಯಿತು" ಎಂದು ಅವಳು ಒಂದು ದಿನವೂ ಕಳಿಸಿದ್ದಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದರೆ ನಿನ್ನೆಗೂ ಇವತ್ತಿಗೂ ನಡುವೆ ಯಾರ ಕೈ ಆಡಿತು ಎಂದು ಮೊದಲು ಹುಡುಕಬೇಕು. ದೊಡ್ಡಮ್ಮ ಸರ್ವಿಸಿಗೆ ಹೋಗುವ ಹಿಂದಿನ ದಿನ ಅದೇ ಏರನ್ನು ಹಾಡು ಗುನುಗುತ್ತಾ ಹತ್ತಿದ್ದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಹಚ್ಚಿದಳು. ಅವನಿಗೆ ಕಿವಿ ಕೇಳದು, ಎತ್ತಿದ್ದು ಮಗಳು. ಹಲ್ಲಕ್ಕ ಹೇಳಿದ್ದನ್ನು ಅವಳು ಅಪ್ಪನ ಕಿವಿಯಲ್ಲಿ ಕೂಗಬೇಕು, ಅವನು ಹೇಳಿದ್ದನ್ನು ಇವಳಿಗೆ ಒಪ್ಪಿಸಬೇಕು.

"ಅಪ್ಪ ಕೇಳ್ತಿದಾರೆ, ಆಯಿಲ್ ಎಂಜಿನ್ ಓಡ್ತಿದ್ದಾಗ ಅಳೆದಿದ್ದೋ, ನಿಂತಿದ್ದಾಗ ಅಳೆದಿದ್ದೋ ಅಂತ."

"ನಿಂತಿದ್ದಾಗ. ನನ್ನ ಕಣ್ಣೆದುರಿಗೇ."

ಆ ಕಡೆ ಮುದುಕ ಬೈದದ್ದು ಫೋನಿಲ್ಲದೆಯೂ ಕೇಳುವಂತಿತ್ತು. "ಅಪ್ಪ ಏನೋ ಅಂದ್ರು, ಅದು ಬೇಡ" ಎಂದಳು ಮಗಳು. "ನಿಂತಾಗ ಆಯಿಲೆಲ್ಲ ಕೆಳಗಿಳಿದು ಬಂದು ತುಂಬಿದ ಹಾಗೆ ಕಾಣ್ತದಂತೆ. ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿ ಮಾಡಿ, ಓಡ್ತಿದ್ದಂಗೇ ಗೇರಿನ ಹಿಡಿ ಎಲ್ಲಾ ಮನೆಗೂ ಒಂದು ಸಲ ತಿರುಗಿಸಿ, ಪಾರ್ಕಿಗೆ ತಂದು ಆಮೇಲೆ ನೋಡ್ಬೇಕಂತೆ. ಮೂಸಿ ನೋಡಿ ಅಂತಾನೂ ಹೇಳ್ತಿದಾರೆ."

ಹಲ್ಲಕ್ಕ ಅಂಗಳದಲ್ಲಿ ಹಾಗೇ ಮಾಡಿದಳು. ಕಡ್ಡಿ ಎಳೆದರೆ ಆಯಿಲು ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಬೆರಳಿಗೆ ಹಚ್ಚಿ ನೋಡಿದಳು: ಕೆಂಪಗೆ, ಶುದ್ಧವಾಗಿತ್ತು. ಮೂಸಿದಳು. ಸುಟ್ಟ ವಾಸನೆ ಎಂದರೇನು ಎಂದು ಅವಳ ಮೂಗಿಗೆ ಬೇರೆಯವರು ಕಲಿಸಬೇಕಿರಲಿಲ್ಲ. ಇಲ್ಲ, ಸುಟ್ಟಿರಲಿಲ್ಲ. ಹಾಗೆಂದು ಫೋನಿನಲ್ಲಿ ಹೇಳಿದಳು.

"ಹಾಗಾದ್ರೆ ಪ್ಲೇಟೂ ಇಲ್ಲ, ಗೀಟೂ ಇಲ್ಲ, ಅದು ಬರೀ ಬೊಗಳೆ ಅಂತೆ" ಎಂದಳು ಮಗಳು. "ಸವೆದಿದ್ರೆ ಹೊಸ ಆಯಿಲಾದ್ರೂ ಇಷ್ಟು ದಿನಕ್ಕೆ ಕಪ್ಪಾಗಿ ಕಮಟು ನಾತ ಬರ್ತಿತ್ತಂತೆ. ಮೊದಲು ಆಯಿಲ್ ಸರಿ ಮಾಡಿ ಅಂತಾರೆ."

ಮೇಸ್ತ್ರಿಯೇ ಹಿಂದೆ ತರಿಸಿಟ್ಟಿದ್ದ ಡಬ್ಬಿ ಶೆಡ್ಡಿನಲ್ಲಿತ್ತು. ಸಣ್ಣ ಆಲಿಕೆಯಿಟ್ಟು ಸ್ವಲ್ಪ ಸ್ವಲ್ಪವಾಗಿ, ಅಚ್ಚಿಗೆ ಮೇಣ ಎರೆಯುವವಳ ಎಚ್ಚರದಲ್ಲಿ ಸುರಿದಳು. ಗೆರೆ ಮುಟ್ಟಿತು. ರಿವರ್ಸಿಗೆ ಹಾಕಿದರೆ ದೊಡ್ಡಮ್ಮ ತಕ್ಷಣ ಹಿಂದಕ್ಕೆ ಸರಿದಳು. ಓಣಿಯಲ್ಲಿ ಒಂದು ಸುತ್ತು ಹೋದಳು. ಜಾರುವುದು ನಿಂತಿತ್ತು. ಆದರೆ ಕಿರುಚುವುದು, ಗುಮ್ಮುವುದು ಹಾಗೇ ಇತ್ತು.

ಮತ್ತೆ ಫೋನು. ಈ ಸಲ ಮುದುಕ ಮಗಳ ಕೈಯಿಂದ ಫೋನು ಕಿತ್ತುಕೊಂಡು ತಾನೇ ಮಾತಾಡಿದ. ಕೇಳಿಸಿಕೊಳ್ಳಲು ಆಗದಿದ್ದರೇನು, ಹೇಳಲು ಬಾಯಿತ್ತಲ್ಲ.

"ಅಮ್ಮಾ, ಎಂಜಿನ್ನಿಂದ ಗೇರ್‌ಬಾಕ್ಸಿಗೆ ಒಂದು ಸಣ್ಣ ಪೈಪು ಹೋಗ್ತದೆ. ಎಂಜಿನ್ ಗಾಳಿ ಎಳ್ಕೊಳ್ಳೋ ಎಳೆತ ಅದರಲ್ಲಿ ಗೇರ್‌ಬಾಕ್ಸಿಗೆ ತಿಳೀತದೆ. ಎಳೆತ ಇದ್ರೆ, ಎಂಜಿನ್ ಆರಾಮಾಗಿದೆ, ಮೆಲ್ಲಗೆ ಬದಲಾಯಿಸು ಅಂತ ಅರ್ಥ. ಎಳೆತ ಇಲ್ಲಾಂದ್ರೆ, ಎಂಜಿನ್ ಭಾರ ಹೊತ್ತಿದೆ, ತಡೆದು ಜೋರಾಗಿ ಬದಲಾಯಿಸು ಅಂತ. ಪೈಪು ಕಳಚಿ ಬಿದ್ರೆ ಪಾಪ ಗೇರ್‌ಬಾಕ್ಸು ಯಾವಾಗ್ಲೂ ಬೆಟ್ಟ ಹತ್ತುತಿದೀನಿ ಅಂದ್ಕೊಂಡಿರ್ತದೆ. ಆದ್ರೆ ಪೈಪು ಕಳಚಿದ್ರೆ ಎಂಜಿನ್ ಬುಸ್ ಅನ್ನಬೇಕು, ನಡುಗಬೇಕು. ಹಾಗೆ ಆಗ್ತಿದೆಯಾ, ಮಗಳಿಗೆ ಹೇಳು."

ಫೋನು ಮಗಳಿಗೆ ಹೋಯಿತು. ಹಲ್ಲಕ್ಕ ನಿಧಾನವಾಗಿ ಹೇಳಿದಳು. "ಮೊದಲು ಆಗ್ತಿತ್ತು. ಎರಡನೇ ಸಲ ಗ್ಯಾರೇಜಿಗೆ ಹೋಗಿ ಬಂದ ಮೇಲೆ ನಿಂತುಹೋಯ್ತು."

ಮಗಳು ಕೂಗಿದಳು. ಆಮೇಲೆ ಮುದುಕನ ಗಂಟಲು: "ಎಂಜಿನ್ನಿನ ಹಿಂದುಗಡೆ, ಗೋಡೆ ಕಡೆಗೆ. ಹುಡುಕಮ್ಮ."

ಎಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ ಕೈ ತೂರುವಷ್ಟೇ ಸಂದು. ಕಣ್ಣಿಗೆ ಅಲ್ಲಿ ಬರೀ ಕತ್ತಲೆ. ಕಾರಿನಡಿಗೆ ಮಲಗಿ ನುಸುಳಲು ಅವಳ ಕಾಲಿಗೆ ಸಾಧ್ಯವಿಲ್ಲ. ಒಳಗೆ ಹೋಗಿ, ಬಾಯಿಯೊಳಗೆ ಇಟ್ಟು ನೋಡುವ ಪುಟ್ಟ ಕನ್ನಡಿಯನ್ನೂ ಕೆಲಸದ ದೀಪವನ್ನೂ ತಂದಳು. ಹಿಡಿಕೆಯುದ್ದದ ಆ ಕನ್ನಡಿಯನ್ನು ಸಂದಿನಲ್ಲಿ ಇಳಿಸಿ, ಹಿಂದಿನ ಹಲ್ಲಿನ ಹುಳುಕು ಹುಡುಕುವ ಹಾಗೆ ಮೆಲ್ಲಗೆ ತಿರುಗಿಸಿದಳು. ಕೆಳಗಿನ ಗೇರ್‌ಬಾಕ್ಸಿನಿಂದ ಬಂದ ಉಕ್ಕಿನ ಸಣ್ಣ ಕೊಳವೆ ಕಂಡಿತು. ಅದರ ಬಾಯಿ ಬರಿದಾಗಿ, ಆಕಾಶ ನೋಡುತ್ತಾ ನಿಂತಿತ್ತು. ಅದರಿಂದ ನಾಲ್ಕು ಬೆರಳು ಆಚೆ, ಎಂಜಿನ್ನಿನಿಂದ ಬಂದ ರಬ್ಬರ್ ಪೈಪು ಜೋತಾಡುತ್ತಿತ್ತು. ಪೈಪಿನ ಬಾಯಿಯಲ್ಲಿ ಏನೋ ಹೊಳೆಯಿತು. ಕನ್ನಡಿಯನ್ನು ಇನ್ನೂ ಹತ್ತಿರ ಒಯ್ದಳು.

ಬೋಲ್ಟು. ಹೊಚ್ಚ ಹೊಸ ಬೋಲ್ಟು. ಪೈಪಿನ ಬಾಯಿಗೆ ಅದನ್ನು ತುರುಕಿ, ಅಲುಗದ ಹಾಗೆ ಮೇಲೊಂದು ಕ್ಲಿಪ್ಪು ಬಿಗಿದಿದ್ದರು.

ಹಲ್ಲಕ್ಕ ಕನ್ನಡಿಯನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿದಳು. ಪೈಪು ಜೋಡಿಸಲು ಮರೆಯಬಹುದು; ಮರೆಯುವವನು ಮನುಷ್ಯ. ಆದರೆ ಮರೆತವನು ಬೋಲ್ಟು ಹುಡುಕಿ ತಂದು ಬಾಯಿ ಮುಚ್ಚುವುದಿಲ್ಲ. ಯಾರೋ ಈ ಪೈಪನ್ನು ಕೈಯಲ್ಲಿ ಹಿಡಿದು, ಇದು ಎಲ್ಲಿ ಕೂರಬೇಕು ಎಂದು ತಿಳಿದೂ, ನಾಲ್ಕು ಬೆರಳು ಆಚೆಗಿನ ಕೊಳವೆಗೆ ಕೂರಿಸದೆ ಬಿಟ್ಟಿದ್ದರು.

ಅವಳು ಕ್ಲಿಪ್ಪು ಸಡಿಲಿಸಿ ಬೋಲ್ಟು ಕಿತ್ತಳು. ಪೈಪಿನ ತುದಿ ಒಣಗಿ ಸೀಳಿತ್ತು. ಬಹುಶಃ ಅದಕ್ಕೇ ಮೊದಲು ಕಳಚಿದ್ದು. ಮೇಣದ ಚಾಕುವಿನಿಂದ ಸೀಳಿದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೊಳವೆಯ ಮೇಲೆ ಕೂರಿಸಿ, ಅದೇ ಕ್ಲಿಪ್ಪನ್ನು ಬಿಗಿದಳು. ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ರಸ್ತೆಗೆ ಇಳಿದಳು. ಒಂದರಿಂದ ಎರಡು, ಎರಡರಿಂದ ಮೂರು. ಗೇರು ಬದಲಾದದ್ದು ಸೀಟಿಗೂ ತಿಳಿಯಲಿಲ್ಲ.

ಸಂತೋಷವಾಗಬೇಕಿತ್ತು. ಆದರೆ ಕಾರು ನುಣ್ಣಗೆ ಓಡಿದಷ್ಟೂ ಅವಳ ಒಳಗೆ ಕುದಿ ಏರಿತು. ಒಂದಿಷ್ಟು ಆಯಿಲು, ಒಂದು ಪೈಪು; ಇಷ್ಟೇ ಇಷ್ಟು ಕೆಲಸಕ್ಕೆ ಆ ಮಕ್ಕಳ ಮುಖಗಳು ಗಾಜಿಗೆ ಅಂಟಿಕೊಂಡಿದ್ದವು.

ಗಾಜಿನ ಕೋಣೆಯಲ್ಲಿ ಐದಾರು ಗಿರಾಕಿಗಳು ಕೂತಿದ್ದರು. ಹಲ್ಲಕ್ಕ ಉಕ್ಕಿನ ಕಾಲನ್ನು ಟಕ್ ಟಕ್ ಎನಿಸುತ್ತಾ ನೇರ ಒಳಗೆ ಹೋಗಿ, ಹಲ್ಲಿನ ಪೆಟ್ಟಿಗೆ ತೆರೆದು, ಅದರಿಂದ ಬೋಲ್ಟನ್ನು ತೆಗೆದು ಫೋರ್‌ಮನ್ ಎದುರಿಗೆ ಟಣ್ ಎಂದು ಇಟ್ಟಳು.

"ಇದು ಯಾರದ್ದು?"

ಅವನ ಮುಖದ ನುಣುಪು ಒಮ್ಮೆಗೇ ಇಳಿದುಹೋಯಿತು. "ಮೇಡಂ, ಒಳಗೆ ಬನ್ನಿ, ಕೂತು ಮಾತಾಡೋಣ."

"ನಾನು ನಿಂತೇ ಮಾತಾಡ್ತೀನಿ. ಒಂಟಿಕಾಲಲ್ಲಿ ನಿಂತು ಅಭ್ಯಾಸ ಇದೆ. ಪ್ಲೇಟು ಸವೆದಿದೆ ಅಂದ್ರಲ್ಲ, ಯಾವ ಪ್ಲೇಟು? ಊಟದ್ದಾ?"

ಕೂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಫೋರ್‌ಮನ್ ಧ್ವನಿ ತಗ್ಗಿಸಿದ. "ಮೊದಲ ಸಲ ನಮ್ಮವರು ನೋಡ್ಕೊಂಡಿಲ್ಲ, ಪೈಪು ಕಳಚಿತ್ತು. ಎರಡನೇ ಸಲ ಬಂದಾಗ ನಾನೇ ಕಂಡುಹಿಡಿದೆ. ಸರಿ ಮಾಡೋನೇ ಇದ್ದೆ. ಜಾಬ್ ಕಾರ್ಡಲ್ಲಿ ನಿಮ್ಮ ತಮ್ಮನ ನಂಬರಿತ್ತು, ಹೇಳೋಣ ಅಂತ ಫೋನ್ ಮಾಡಿದೆ. ಅವರು... ಸರಿ ಮಾಡ್ಬೇಡಿ ಅಂದ್ರು. ಗೇರ್‌ಬಾಕ್ಸ್ ಹೋಯ್ತು ಅಂತ ಹೇಳಿ, ಆಗ ಅವಳೇ ಓಡ್ಸೋದು ಬಿಡ್ತಾಳೆ, ಅವಳ ಒಳ್ಳೇದಕ್ಕೇ ಅಂದ್ರು."

ಹಲ್ಲಕ್ಕ ಬೋಲ್ಟನ್ನು ಬೆರಳಿನಿಂದ ಅವನ ಕಡೆಗೆ ತಳ್ಳಿದಳು.

"ಮತ್ತೆ ಬೋಲ್ಟು?"

"ಎಂಜಿನ್ ನಡುಗ್ತಿರೋ ಗಾಡೀನ ಹೊರಗೆ ಕಳಿಸೋಕೆ ಮನಸ್ಸಾಗ್ಲಿಲ್ಲ ಮೇಡಂ" ಎಂದ, ಅದೊಂದು ಮರ್ಯಾದೆಯ ವಿಷಯವೆಂಬಂತೆ.

"ಬಾಳ ಸೂಕ್ಷ್ಮ ಮನಸ್ಸು ನಿಮ್ಮದು" ಅಂದಳು ಹಲ್ಲಕ್ಕ. "ನಿನ್ನೆ ಆ ಮನಸ್ಸು ಆಸ್ಪತ್ರೆ ಏರಿನಲ್ಲಿ ಇರ್ಬೇಕಿತ್ತು. ನನ್ನ ಕಾರು ಹಿಂದಕ್ಕೆ ಜಾರಿ ಒಂದು ವ್ಯಾನ್ ತುಂಬ ಮಕ್ಕಳ ಮೇಲೆ ಬೀಳ್ತಿತ್ತು. ಆಯಿಲೂ ಕಡಿಮೆ ಹಾಕಿದ್ರಿ, ಅದು ನಿಮಗೇ ಗೊತ್ತಿಲ್ಲ. ಗೊತ್ತಿರೋದನ್ನ ಮುಚ್ಚಿದ್ರಿ, ಗೊತ್ತಿಲ್ದೇ ಇರೋದನ್ನ ಫುಲ್ ಅಂದ್ರಿ. ಬರೀರಿ ಈಗ ಆ ಕಾರ್ಡಿನ ಮೇಲೆ."

"ಏನು ಬರೀಲಿ?"

"ನಿಜ. ಪೈಪು ಕಳಚಿತ್ತು, ಬೋಲ್ಟು ಹಾಕಿ ಮುಚ್ಚಿದೆವು, ಆಯಿಲ್ ತಪ್ಪಾಗಿ ಅಳೆದೆವು, ಗೇರ್‌ಬಾಕ್ಸ್ ಚೆನ್ನಾಗಿದೆ. ಬರೆದು ಸಹಿ ಹಾಕಿ. ಹಾಕಿ, ಇವರಿಗೆಲ್ಲ ಕೇಳೋ ಹಾಗೆ ಓದಿ."

ಅವನು ಬರೆದ. ಓದಲು ತಡವರಿಸಿದ. ಓದುವಾಗ ಮಾತ್ರ ಕುರ್ಚಿಗಳಲ್ಲಿದ್ದವರೆಲ್ಲ ಫೋನು ಕೆಳಗಿಟ್ಟು ಕಿವಿಗೊಟ್ಟರು. ಒಬ್ಬ ಹೆಂಗಸು ಎದ್ದು, "ನನ್ನ ಗಾಡಿ ಬೀಗದಕೈ ಕೊಟ್ಬಿಡಿ" ಅಂದಳು.

ತಮ್ಮ ಅವತ್ತು ಒಂದು ಹತ್ತು ಮಹಡಿಯ ಕಟ್ಟಡದಲ್ಲಿ ತಪಾಸಣೆಗೆ ಹೋಗಿದ್ದ. ಹಲ್ಲಕ್ಕ ಕೆಳಗಿನ ಹಾಲಿನಲ್ಲಿ, "ತಪಾಸಣೆ ನಡೆಯುತ್ತಿದೆ" ಎಂಬ ಹಲಗೆಯ ಪಕ್ಕ ನಿಂತು ಕಾದಳು. ಲಿಫ್ಟು ಇಳಿದು ಬಾಗಿಲು ತೆರೆದಾಗ ಒಳಗೆ ತಮ್ಮ, ಕೈಯಲ್ಲಿ ಟಾರ್ಚು, ತಲೆಗೆ ಹಳದಿ ಟೋಪಿ. ಅಕ್ಕನ ಮುಖ ನೋಡಿದವನು ಹೊರಗೆ ಬರಲೋ, ಮತ್ತೆ ಮೇಲಕ್ಕೆ ಹೋಗಲೋ ಎಂಬಂತೆ ನಿಂತ.

"ಬಾ. ಕಾರು ಹತ್ತು."

"ಗೇರ್‌ಬಾಕ್ಸ್ ಹೋಗಿದೆ ಅಂದ್ರಲ್ಲ..."

"ಹತ್ತು ಅಂದೆ."

ದಾರಿಯುದ್ದಕ್ಕೂ ಗೇರು ಸದ್ದಿಲ್ಲದೆ ಬದಲಾಗುತ್ತಾ ಹೋದ ಹಾಗೆ ತಮ್ಮನ ಮುಖ ಬಿಳುಚುತ್ತಾ ಹೋಯಿತು. ಆಸ್ಪತ್ರೆಯ ಏರಿನ ನಡುವೆ ಅವಳು ಕಾರನ್ನು ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು.

"ಇಲ್ಲಿ. ನಿನ್ನೆ ಇಲ್ಲಿಂದ ಹಿಂದಕ್ಕೆ ಜಾರಿದೆ. ಅಲ್ಲಿ, ಆ ಕಂಬದ ಹತ್ರ, ಮಕ್ಕಳ ವ್ಯಾನು ಇತ್ತು. ಒಂದು ಗೇಣು ಉಳೀತು."

"ಅಕ್ಕ, ನನಗೆ..."

"ನಿನಗೆ ಗೊತ್ತಿರ್ಲಿಲ್ಲ. ಅದು ನನಗೂ ಗೊತ್ತು. ನೀನು ಏನು ಮಾಡ್ಸಿದೀಯ ಅಂತ ನಿನಗೇ ಗೊತ್ತಿರ್ಲಿಲ್ಲ. ಒಂದು ಮಾತು ಹೇಳು. ಒಂದು ಮನೇಲಿ ವಯಸ್ಸಾದವರು ಲಿಫ್ಟು ಹತ್ತೋದು ನಿನಗೆ ಇಷ್ಟ ಇಲ್ಲ ಅಂದ್ಕೋ. ಲಿಫ್ಟಿನ ಬ್ರೇಕು ಕಿತ್ತಿಟ್ಟು, ಬಾಗಿಲು ಮಾತ್ರ ತೆರೆದಿಟ್ಟು ಬರ್ತೀಯಾ? ಹೆದರಿಕೊಂಡು ಹತ್ತೋದು ಬಿಡ್ಲಿ ಅಂತ?"

ತಮ್ಮನ ಕಣ್ಣು ರಸ್ತೆಯ ಕೆಳಗಿನ ಕಂಬದ ಮೇಲೆ ನೆಟ್ಟಿತ್ತು. ಎಲ್ಲವೂ ಬೀಳುವುದನ್ನೇ ನೋಡುವ ಆ ಕಣ್ಣಿಗೆ ಈಗ ಏನು ಕಾಣುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಣಲಿ ಅಂದುಕೊಂಡಳು.

"ಭಯ ಅಕ್ಕ" ಎಂದ ಕೊನೆಗೆ. "ನೀನು ಕಾರು ತಗೊಂಡು ಹೋದಾಗೆಲ್ಲ ಫೋನ್ ಬಂದ್ರೆ ಎದೆ ಧಸಕ್ ಅಂತದೆ. ಅಪ್ಪ ಅಮ್ಮ ಇಬ್ರೂ ಹೋದ್ರು. ನೀನೂ..."

"ನಿನ್ನ ಭಯ ನಿನ್ನದು. ಅದನ್ನ ನೀನು ಹೊರಬೇಕು. ನನ್ನ ಗೇರ್‌ಬಾಕ್ಸಲ್ಲಿ ತುರುಕಬಾರದು" ಎಂದಳು ಹಲ್ಲಕ್ಕ. "ನಿನ್ನ ಪರೀಕ್ಷೆಗೆಲ್ಲ ಕರ್ಕೊಂಡು ಹೋದವಳು ನಾನು. ನಿನ್ನ ಹೆಂಡತಿಗೆ ನೋವು ಬಂದಾಗ ಇದೇ ಏರು, ಇದೇ ಕಾರು. ಆಗ ನನ್ನ ಕಾಲು ಚೆನ್ನಾಗಿತ್ತೇನು? ಕಾರು ಬಿಡು ಅಂತ ನೂರು ಸಲ ಹೇಳು, ನೂರು ಸಲ ಜಗಳ ಆಡೋಣ. ಅದು ಅಕ್ಕ ತಮ್ಮಂದಿರ ಜಗಳ. ಆದ್ರೆ ಇನ್ನೊಬ್ಬನ ಬಾಯಲ್ಲಿ ಸುಳ್ಳು ಹೇಳ್ಸಿ, ನಾನು ಆ ಸುಳ್ಳು ನಂಬಿ ನನ್ನ ಮೇಲೇ ಅನುಮಾನ ಪಡೋ ಹಾಗೆ ಮಾಡಿದೆಯಲ್ಲ? ಒಂದು ವಾರ, ನನ್ನ ಕೈಯೇ ಕೆಟ್ಟಿತೇನೋ ಅಂದ್ಕೊಂಡೆ ಕಣೋ. ನನ್ನ ಕೈ!"

ಮೊದಲ ಬಾರಿಗೆ ಅವಳ ಸ್ವರ ನಡುಗಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಬ್ರೇಕು ಬಿಟ್ಟು, ಕಾರನ್ನು ಏರಿನ ತುದಿ ಮುಟ್ಟಿಸಿ ನಿಲ್ಲಿಸಿದಳು.

"ಇಳಿ."

"ಅಕ್ಕ, ನನ್ನ ಗಾಡಿ ಆ ಕಟ್ಟಡದ ಹತ್ರ ಇದೆ. ಇಲ್ಲಿಂದ ಬಹಳ ದೂರ..."

"ಇಳಿಜಾರು. ಕಷ್ಟ ಆಗೋಲ್ಲ. ಒಂದೊಂದು ಹೆಜ್ಜೆಗೂ ಆ ವ್ಯಾನು ನೆನೆಸ್ಕೋ."

ಅವನು ಇಳಿದ. ತಲೆಯ ಮೇಲೆ ಹಳದಿ ಟೋಪಿ ಹಾಗೇ ಇತ್ತು. ಅವನು ಮೊದಲ ತಿರುವು ದಾಟುವವರೆಗೂ ಹಲ್ಲಕ್ಕ ನೋಡಿದಳು. ಕರೆಯಬೇಕು ಅನ್ನಿಸಿತು, ಕರೆಯಲಿಲ್ಲ. ಆಸ್ಪತ್ರೆಗೆ ಹೋಗಿ ಹಾಡುಗಾರ್ತಿಯ ಎದುರು ಕೂತು, "ನಿಮ್ಮ ಸೆಟ್ಟು ನನ್ನ ಕಾರಲ್ಲಿ ಬಿದ್ದು ಒಡೀತು, ಇನ್ನು ಮೂರು ದಿನ ಬೇಕು" ಎಂದಳು. ಹಾಡುಗಾರ್ತಿ ಬೊಚ್ಚುಬಾಯಲ್ಲಿ ಏನೋ ಅಂದಳು. ಬೈಗುಳವಿರಬೇಕು. ಹಲ್ಲಕ್ಕ ತಲೆಯಾಡಿಸಿ ಒಪ್ಪಿಕೊಂಡಳು.

ಸಂಜೆ ತಮ್ಮನ ಹೆಂಡತಿಯ ಫೋನು ಬಂತು. "ಅತ್ತಿಗೆ, ಇವರು ಬೆವರಿಳಿಸ್ಕೊಂಡು ಬಂದು ಮೂಲೇಲಿ ಕೂತಿದಾರೆ. ಕೇಳಿದ್ರೆ ಬಾಯೇ ಬಿಡೋಲ್ಲ. ಏನಾಯ್ತು?"

ಹಲ್ಲಕ್ಕ ಬುಡದಿಂದ ತುದಿಯವರೆಗೆ ಹೇಳಿದಳು. ಪೈಪು, ಬೋಲ್ಟು, ವ್ಯಾನು, ಒಂದು ಗೇಣು.

"ನನಗೆ ಒಂದಕ್ಷರ ಹೇಳಿಲ್ಲ ಇವರು" ಎಂದಳು ತಮ್ಮನ ಹೆಂಡತಿ. ಅವಳ ದನಿಯಲ್ಲೂ ಈಗ ಕೆಂಡವಿತ್ತು. "ಅತ್ತಿಗೆ, ನಾಳೆ ನನಗೆ ಕಣ್ಣಿನ ಡಾಕ್ಟರ ಹತ್ರ ಹೋಗೋದಿದೆ. ಇವರ ಗಾಡೀಲಿ ನಾನು ಹೋಗೋಲ್ಲ. ನೀವು ಬರ್ತೀರಾ?"

"ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ."

ಒಂಬತ್ತಕ್ಕೆ ಸರಿಯಾಗಿ ದೊಡ್ಡಮ್ಮ ತಮ್ಮನ ಮನೆಯ ಮುಂದೆ ನಿಂತಳು. ತಮ್ಮ ಗೇಟು ತೆರೆದು ನಿಂತಿದ್ದ. ರಾತ್ರಿ ನಿದ್ದೆ ಮಾಡಿದವನ ಮುಖವಾಗಿರಲಿಲ್ಲ. "ಗ್ಯಾರೇಜಿನವನಿಗೆ ಫೋನ್ ಮಾಡಿದ್ದೆ ಅಕ್ಕ" ಎಂದ. "ನಾನು ಹಾಗೆ ಹೇಳಿದ್ದೇ ತಪ್ಪು, ನನ್ನ ಮಾತು ಕೇಳಿ ನೀನು ಮಾಡಿದ್ದು ಇನ್ನೂ ತಪ್ಪು ಅಂದೆ. ಆ ಶಾಲೆ ಯಾವುದು ಅಂತ ಹೇಳಿದ್ರೆ ಹೋಗಿ ಆ ಡ್ರೈವರ್ ಹತ್ರಾನೂ ಮಾತಾಡ್ತೀನಿ."

"ಹುಡುಕು" ಎಂದಳು ಹಲ್ಲಕ್ಕ. ಮುಖ ಸಡಿಲಾಗಲಿಲ್ಲ.

ಅವನ ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಕಾರು ಹೊರಳುವಾಗ ತಮ್ಮ ಕಿಟಕಿಗೆ ಬಾಗಿ, ಇಪ್ಪತ್ತೈದು ವರ್ಷದ ಅಭ್ಯಾಸಬಲದಿಂದ, "ನಿಧಾ..." ಎಂದ. ಒಳಗಿದ್ದ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಉಳಿದ ಅಕ್ಷರವನ್ನು ಅವನು ನುಂಗಿಕೊಂಡು ಗೇಟಿನ ಆಚೆ ಸರಿದ.